ನೀರಿಗೆ ಹೋದ ಬಸವಣ್ಣ

ನಮ್ಮ ಪಡಸಾಲೆಯ ಶೋಕೇಸಿಗೆ ಗಾಜಿಲ್ಲ. ಮನೆಗೆ ಬಂದವರು ಕುರ್ಚಿಯಲ್ಲಿ ಕುಳಿತು, ಕೊಟ್ಟ ನೀರು ಕುಡಿದು, ಚಹಾ ಬರುವುದರೊಳಗೆ ಒಮ್ಮೆ ಅದರ ಕಡೆ ಕಣ್ಣು ಹಾಯಿಸುತ್ತಾರೆ. ಹಾಯಿಸಿ, ಗಾಜು ಯಾವಾಗ ಒಡೆಯಿತು ಎಂದು ಕೇಳುತ್ತಾರೆ. ಒಡೆದಿಲ್ಲ, ಒಳಗಿನ ಕೋಣೆಯಲ್ಲಿ ಕ್ಷೇಮವಾಗಿದೆ ಎಂದರೆ ನನ್ನ ಮುಖವನ್ನೇ ನೋಡುತ್ತಾರೆ. ಗಾಜಿನ ಹಿಂದೆ ಮರ್ಯಾದೆಯಿಂದ ಇರಬೇಕಾಗಿದ್ದ ಸಾಮಾನುಗಳು, ಎಂದರೆ ನನ್ನ ತವರಾದ ಕಂಪ್ಲಿಯಿಂದ ಬಂದ ಹಿತ್ತಾಳೆಯ ದೀಪಗಳು, ತಲೆಯಾಡಿಸುವ ಗೊಂಬೆ, ನಮ್ಮ ಮದುವೆಯ ಫೋಟೊ, ಎಲ್ಲವೂ ಸಂಜೆಯ ಹೊತ್ತಿಗೆ ಕುಂಕುಮ ಉದುರಿಸಿಕೊಂಡಂತೆ ಕೆಂಪಾಗಿರುತ್ತವೆ. ಸಂಡೂರಿನ ಗುಡ್ಡಗಳು ಈಗೀಗ ಅದಿರಾಗಿ ಲಾರಿ ಹತ್ತಿ ಹೊಸಪೇಟೆಯ ಮೇಲೆ ಹಾಯ್ದು ಹೋಗುತ್ತಿವೆಯಲ್ಲ, ಹೋಗುವಾಗ ಪ್ರತಿ ಮನೆಗೂ ಒಂದು ಚಿಟಿಕೆ ಪ್ರಸಾದ ಹಾಕದೆ ಹೋಗುವುದಿಲ್ಲ. ನಾನು ದಿನಾ ಒರೆಸುತ್ತೇನೆ. ಒರೆಸಲು ಬಟ್ಟೆಯಿದೆ, ಬಟ್ಟೆ ಹಿಂಡಲು ನಲ್ಲಿಯಲ್ಲಿ ನೀರಿದೆ, ಹಿಂಡುವ ಕೈಯಲ್ಲಿ ಶಿವ ಇನ್ನೂ ಕಸುವು ಇಟ್ಟಿದ್ದಾನೆ. ಇಷ್ಟಿರುವಾಗ ಧೂಳಿನ ಮೇಲೆ ಯಾಕೆ ಸಿಟ್ಟು ಮಾಡಿಕೊಳ್ಳಲಿ?

ಆ ಗಾಜು ಎರಡು ಸ್ಟೂಲುಗಳ ಮೇಲೆ ಅಡ್ಡಲಾಗಿ ಮಲಗಿದೆ. ಅದರ ಕೆಳಗೆ ಒಂದು ಟ್ಯೂಬ್‌ಲೈಟು. ದೀಪ ಹಾಕಿ, ಗಾಜಿನ ಮೇಲೊಂದು ಹಾಳೆ ಇಟ್ಟು, ಅದರ ಮೇಲೆ ಇನ್ನೊಂದು ಹಾಳೆ ಇಟ್ಟರೆ ಕೆಳಗಿನ ಚಿತ್ರ ಮೇಲಿನ ಹಾಳೆಯಲ್ಲಿ ಮಂಜಿನೊಳಗಿನ ಮನುಷ್ಯರಂತೆ ಕಾಣಿಸುತ್ತದೆ. ಅದನ್ನು ನೋಡಿಕೊಂಡು, ಅದಕ್ಕಿಂತ ಕೂದಲೆಳೆಯಷ್ಟು ಬೇರೆಯಾದ ಇನ್ನೊಂದು ಚಿತ್ರ ಬರೆಯಬೇಕು. ಹೀಗೆ ಒಂದರ ಮೇಲೊಂದು ಹಾಳೆ ಬರೆಯುತ್ತ ಹೋಗಿ ಎಲ್ಲವನ್ನೂ ಒಟ್ಟಿಗೆ ಹಿಡಿದು ಸರ್ರನೆ ತಿರುವಿದರೆ ನಿಂತದ್ದು ನಡೆಯುತ್ತದೆ, ಕೂತದ್ದು ಏಳುತ್ತದೆ. ಇದಕ್ಕೆ ಅನಿಮೇಶನ್ ಎನ್ನುತ್ತಾರೆ. ಎರಡು ಮಕ್ಕಳ ತಾಯಿಯಾದ ನಾನು, ಗಿರಿಜೆ, ಈ ವಿದ್ಯೆಯ ವಿದ್ಯಾರ್ಥಿನಿ. ನಗಬೇಡಿ. ನಗುವುದಾದರೂ ಪೂರ್ತಿ ಕೇಳಿ ನಗಿರಿ.

ಈ ಕ್ಲಾಸಿಗೆ ಮೊದಲು ಸೇರಿದ್ದು ನಾನಲ್ಲ, ನನ್ನ ಮೈದುನ ಮಂಜುನಾಥ. ಬಸ್‌ಸ್ಟ್ಯಾಂಡಿನ ಹತ್ತಿರ ಔಷಧದ ಅಂಗಡಿಯ ಮಾಳಿಗೆಯ ಮೇಲೆ ಕಂಪ್ಯೂಟರ್ ಸೆಂಟರೊಂದು ಅನಿಮೇಶನ್ ಕಲಿಸುತ್ತೇವೆಂದು ದೊಡ್ಡ ಬೋರ್ಡು ಹಾಕಿದಾಗ ಮೊದಲು ಹೋಗಿ ಹೆಸರು ಬರೆಸಿದವನು ಅವನು. ಒಂದು ತಿಂಗಳು ಹೋದನೋ ಇಲ್ಲವೋ, ಯಶವಂತನಗರದ ಗಣಿಯಿಂದ ಗೆಳೆಯನೊಬ್ಬ ಕರೆದ. ಲಾರಿಗಳನ್ನು ತೂಕಕ್ಕೆ ಹಚ್ಚುವ ಕೆಲಸ, ಕೈತುಂಬ ಪಗಾರ. ಗಣಿಯ ರೊಕ್ಕ ಹರಿದು ಬಂದ ಮೇಲೆ ನಮ್ಮ ಕಡೆ ಯಾವ ಹುಡುಗನ ಕಾಲು ನೆಲದ ಮೇಲೆ ನಿಂತಿದೆ? ಕಂಪನಿ ಬಸ್ಸು ಹತ್ತಿ ಹೋಗೇಬಿಟ್ಟ. ಕಟ್ಟಿದ ಫೀಸು ವಾಪಸು ಬರುವುದಿಲ್ಲ, ಬೇಕಾದರೆ ಮನೆಯ ಬೇರೆ ಯಾರನ್ನಾದರೂ ಕಳಿಸಿ ಎಂದು ಸೆಂಟರಿನವರು ಹೇಳಿದರು. ನಮ್ಮವರಿಗೆ ಸಂಡೂರು ರಸ್ತೆಯಲ್ಲಿ ಲಾರಿ ಟೈರಿನ ಅಂಗಡಿ. ತಲೆ ಎತ್ತಲೂ ಪುರಸೊತ್ತಿಲ್ಲ. ಆಗ ನಮ್ಮತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟರು.

"ಗಿರಿಜಾ, ನೀ ಹೋಗು. ರಂಗೋಲಿ ಚಲೋ ಹಾಕ್ತಿ. ಖಾಲಿ ಕುರ್ಚಿಗೆ ರೊಕ್ಕ ಕಟ್ಟಿದ ಮನಿ ಅನ್ನಿಸ್ಕೊಳ್ಳೋದು ಬ್ಯಾಡ."

"ಅತ್ತಿ, ಅಲ್ಲಿ ಎಲ್ಲಾ ಸಣ್ಣ ಹುಡುಗ್ರು ಇರ್ತಾರ್ರೀ."

"ಇರ್ಲಿ ಬಿಡು. ಅವ್ರೇನು ನಿನ್ನ ಕಚ್ತಾರೇನು?"

ಹುಡುಗರು ಕಚ್ಚಲಿಲ್ಲ. ಮೊದಲ ವಾರ ಆಂಟಿ ಎಂದರು, ಎರಡನೆಯ ವಾರದಿಂದ ನನ್ನ ಡಬ್ಬಿಯ ಚಟ್ನಿಪುಡಿಯ ಋಣಕ್ಕೆ ಬಿದ್ದು ಅಕ್ಕ ಎಂದರು. ಕಲಿಸುವ ನವೀನ ಸರ್ ಗದಗಿನ ಕಡೆಯವರು, ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವರು. ನನ್ನನ್ನು ಅಕ್ಕಾರ ಎಂದೇ ಕರೆಯುತ್ತಿದ್ದರು. ಮೊದಲ ದಿನ ಅವರು, "ಅನಿಮೇಶನ್ ಅಂದ್ರ ಚಿತ್ರಕ್ಕ ಜೀವ ಕೊಡೋದು" ಎಂದಾಗ ನಾನು ಮೆಲ್ಲಗೆ ಗಲ್ಲ ಬಡಿದುಕೊಂಡಿದ್ದೆ. ಜೀವ ಕೊಡುವವನು ಮೇಲೊಬ್ಬನಿದ್ದಾನೆ, ಆ ಮಾತು ನಮ್ಮ ಬಾಯಲ್ಲಿ ಬರಬಾರದು ಎಂದು ಅಂದಿನಿಂದ ಇಂದಿನವರೆಗೂ ಪೆನ್ಸಿಲು ಹಿಡಿಯುವ ಮುನ್ನ ಹಾಳೆಯ ಮೂಲೆಯಲ್ಲಿ 'ಶ್ರೀ' ಬರೆಯುತ್ತೇನೆ. ಅವನು ಕೊಟ್ಟದ್ದನ್ನು ನಾನು ಸ್ವಲ್ಪ ಅಲುಗಾಡಿಸುತ್ತೇನೆ, ಅಷ್ಟೆ.

ಕೋರ್ಸು ಮುಗಿಯುವ ಹೊತ್ತಿಗೆ ಸರ್ ಒಂದು ಹೊಸ ಮಾತು ತೆಗೆದರು: ಪೋರ್ಟ್‌ಫೋಲಿಯೊ. ಕೆಲಸ ಕೇಳಿಕೊಂಡು ಹೋದಾಗ ಸರ್ಟಿಫಿಕೇಟು ಯಾರೂ ನೋಡುವುದಿಲ್ಲವಂತೆ. ನಾವು ಬರೆದದ್ದರಲ್ಲಿ ಚೆನ್ನಾಗಿರುವುದನ್ನು ಆರಿಸಿ ಒಂದು ದೊಡ್ಡ ಫೈಲಿನಲ್ಲಿ ಜೋಡಿಸಿ ಅವರ ಮುಂದೆ ಇಡಬೇಕಂತೆ. "ಎಲ್ಲಾ ತುಂಬಬ್ಯಾಡ್ರಿ. ಯಾವ್ದು ಇಡ್ತೀರಿ ಅನ್ನೋದಕ್ಕಿಂತ ಯಾವ್ದು ಬಿಡ್ತೀರಿ ಅನ್ನೋದ್ರಾಗ ನೀವು ಯಾರು ಅಂತ ಗೊತ್ತಾಕ್ಕೈತಿ" ಎಂದರು. ನಾನು ಮನೆಗೆ ಬಂದು ಅಕ್ಕಿ ಆರಿಸಲು ಕುಳಿತಾಗಲೂ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಸಂಸಾರಸ್ಥೆಯಾದವಳು ಹುಟ್ಟಿದಾಗಿನಿಂದ ಪೋರ್ಟ್‌ಫೋಲಿಯೊ ಮಾಡಿಕೊಂಡೇ ಬಂದಿಲ್ಲವೆ? ಬೀಗರು ಬಂದಾಗ ಯಾವ ತಾಟು ಹೊರಗೆ ಬರಬೇಕು, ಯಾವುದು ಅಟ್ಟದ ಮೇಲೆಯೇ ಇರಬೇಕು; ತವರಿಗೆ ಹೋದಾಗ ಯಾವ ಸುದ್ದಿ ಹೇಳಬೇಕು, ಯಾವುದನ್ನು ನುಂಗಬೇಕು; ಹೆಣ್ಣು ನೋಡಲು ಬಂದವರ ಮುಂದೆ ಯಾವ ಹಾಡು ಹೇಳಬೇಕು. ನಮ್ಮ ಶೋಕೇಸಾದರೂ ಏನು, ಮನೆತನವೊಂದು ತನ್ನ ಒಳ್ಳೆಯದನ್ನಷ್ಟೇ ಆರಿಸಿ ಗಾಜಿನ ಹಿಂದೆ ಇಟ್ಟ ಫೈಲೇ ತಾನೆ? ಒಡೆದ ಹಿಡಿಕೆಯ ಕಪ್ಪಿನಲ್ಲಿ ನಾವು ದಿನಾ ಚಹಾ ಕುಡಿಯುತ್ತೇವೆ. ಆದರೆ ಅದನ್ನು ಯಾರಾದರೂ ಶೋಕೇಸಿನಲ್ಲಿ ಇಟ್ಟದ್ದು ನೋಡಿದ್ದೀರಾ?

ನನ್ನ ಫೈಲಿನಲ್ಲಿ ಇಡಲು ನನ್ನ ಹತ್ತಿರ ಒಂದು ಒಳ್ಳೆಯದಿತ್ತು. ಸೋಮವಾರ ಬೆಳಿಗ್ಗೆ ಕಡ್ಡಿರಾಂಪುರದ ಮೇಲೆ ಹೋಗುವ ಬಸ್ಸು ಹಿಡಿದು ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಕೈಮುಗಿದು, ತೇರುಬೀದಿಯ ಆ ತುದಿಯಲ್ಲಿ ಕುಳಿತ ಎದುರು ಬಸವಣ್ಣನನ್ನು ನೋಡಿ ಬರುವುದು ನನ್ನ ಮದುವೆಯಾದಾಗಿನ ರೂಢಿ. ಎಷ್ಟೋ ಕಾಲದಿಂದ ಮಳೆಗೂ ಬಿಸಿಲಿಗೂ ಜಗ್ಗದೆ ಒಡೆಯನ ಗುಡಿಯ ಕಡೆಗೇ ನೋಡುತ್ತ ಕುಳಿತ ಆ ಕಲ್ಲಿನ ಜೀವಕ್ಕೆ ಕಾಲು ಜೋಮು ಹಿಡಿದಿರಲಿಕ್ಕಿಲ್ಲವೆ ಎಂದು ಪ್ರತಿ ಸಲ ಅನ್ನಿಸುತ್ತಿತ್ತು. ಅದನ್ನೇ ಬರೆದೆ. ಬಸವಣ್ಣ ಮೊದಲು ಕಿವಿ ಅಲ್ಲಾಡಿಸುತ್ತಾನೆ, ಮುಂಗಾಲು ಊರಿ ಏಳುತ್ತಾನೆ, ಮೈ ಕೊಡವಿ, ಬೀದಿ ಇಳಿದು ಹೊಳೆಗೆ ಹೋಗಿ ನೀರು ಕುಡಿದು, ಯಾರೂ ನೋಡಲಿಲ್ಲವಲ್ಲ ಎಂದು ಖಾತ್ರಿ ಮಾಡಿಕೊಂಡು ಬಂದು ಮತ್ತೆ ಮೊದಲಿನಂತೆ ಕೂರುತ್ತಾನೆ. ಬೇಸಗೆ ಪೂರ್ತಿ ಬರೆದೆ. ಹಾಳೆಗಳ ಕಟ್ಟು ಒಂದು ಇಟ್ಟಿಗೆಯಷ್ಟು ದಪ್ಪವಾಗಿತ್ತು. ತಿರುವಿ ನೋಡಿದ ನವೀನ ಸರ್ ಕಟ್ಟಿನ ಅಂಚು ಸರಿಮಾಡಿ ನನ್ನ ಕೈಗೆ ಕೊಟ್ಟು, "ಅಕ್ಕಾರ, ಇದೊಂದಿದ್ರ ಸಾಕು" ಎಂದರು.

ಸಾಕು ಎಂದದ್ದಕ್ಕೆ ಕಾರಣವಿತ್ತು. ಮಕ್ಕಳ ಹಾಡು ಮತ್ತು ಕತೆಗಳ ಸಿ.ಡಿ. ಮಾಡುವ ಸ್ಟುಡಿಯೊದವರೊಬ್ಬರು ಹುಬ್ಬಳ್ಳಿಯಿಂದ ನಮ್ಮ ಸೆಂಟರಿಗೆ ಬರುವವರಿದ್ದರು. ಕೆಲವರನ್ನು ತಮ್ಮಲ್ಲಿಗೇ ಕರೆದುಕೊಳ್ಳುತ್ತಾರೆ, ಒಬ್ಬರಿಗೆ ಮಾತ್ರ ಮನೆಯಲ್ಲೇ ಕುಳಿತು ಬರೆದು ಕಳಿಸುವ ಕೆಲಸ ಕೊಡುತ್ತಾರೆ ಎಂದು ಸುದ್ದಿ. ಹುಡುಗರಿಗೆ ಊರು ಬಿಟ್ಟು ಹೋಗುವ ಕಾಲಿದೆ. ನನಗೆ ಇಬ್ಬರು ಮಕ್ಕಳ ಶಾಲೆ, ಅತ್ತೆಯ ಮೊಣಕಾಲು, ನಮ್ಮವರ ಮಧ್ಯಾಹ್ನದ ಊಟ. ಆ ಒಂದು ಕೆಲಸ ಸಿಗದಿದ್ದರೆ ಗಾಜು ಮರಳಿ ಶೋಕೇಸಿಗೆ ಹೋಗುತ್ತದೆ, ನಾನು ಮರಳಿ ರಂಗೋಲಿಗೆ ಹೋಗುತ್ತೇನೆ. ಯಾರೂ ಬೈಯುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಹಾಗಾಗಬಾರದು ಎಂದು ನನ್ನ ಒಳಗೆ ಇಷ್ಟು ಬಲವಾಗಿ ಬೇಡುವವಳೊಬ್ಬಳು ಇದ್ದಾಳೆಂದು ನನಗೇ ಗೊತ್ತಿರಲಿಲ್ಲ.

ಅವರು ಬರಲು ಎಂಟು-ಹತ್ತು ದಿನ ಇರುವಾಗ ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಎರೆಮಣ್ಣಿನ ಎತ್ತುಗಳನ್ನು ಮಾಡಿ ದೇವರ ಜಗಲಿಯ ಮೇಲೆ ಕೂರಿಸಿ ಪೂಜೆ ಮಾಡುತ್ತೇವೆ. ಅತ್ತೆ ಮಾಡಿದ ಎತ್ತುಗಳಿಗೆ ನಾನು ಜೋಳದ ಕಾಳಿನ ಕಣ್ಣು ಇಟ್ಟೆ. ಇಟ್ಟವಳಿಗೆ ಒಂದು ಆಸೆ ಹುಟ್ಟಿತು. ಒಳಗಿನಿಂದ ನನ್ನ ಹಾಳೆಗಳ ಕಟ್ಟನ್ನು ತಂದು, ಕೆಂಪು ವಸ್ತ್ರದಲ್ಲಿ ಸುತ್ತಿ, ಮಣ್ಣೆತ್ತುಗಳ ಪಕ್ಕದಲ್ಲಿಟ್ಟು, ವಿಭೂತಿ ಹಚ್ಚಿ, ಹೂ ಏರಿಸಿ, ಇದನ್ನು ನಿನ್ನ ಪಾದಕ್ಕೆ ಇಟ್ಟಿದ್ದೇನೆ, ಮುಂದಿನದು ನಿನಗೆ ಬಿಟ್ಟದ್ದು ಎಂದು ಬೇಡಿಕೊಂಡೆ. ಅತ್ತೆ ನೋಡಿ, "ಏನವ್ವಾ ಅದು?" ಎಂದರು. "ಬಸವಣ್ಣರೀ" ಎಂದೆ. ಅವರೂ ನಾಲ್ಕು ಅಕ್ಷತೆ ಹಾಕಿದರು.

ಮರುದಿನ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು ನೋಡುತ್ತೇನೆ, ಜಗಲಿ ಖಾಲಿ. ಒರೆಸಿ, ಹೊಸ ರಂಗೋಲಿಯನ್ನೂ ಹಾಕಿಯಾಗಿದೆ. ಎತ್ತುಗಳಿಲ್ಲ, ಕಟ್ಟೂ ಇಲ್ಲ. ಅತ್ತೆ ಹಿತ್ತಿಲಲ್ಲಿ ಒದ್ದೆ ಸೆರಗು ಹಿಂಡುತ್ತಿದ್ದರು.

"ಅತ್ತಿ, ಜಗಲಿ ಮ್ಯಾಲಿನ ಕಟ್ಟು ಎಲ್ಲೈತ್ರೀ?"

"ಎತ್ತಿನ ಕೂಡ ಬಿಟ್ಟು ಬಂದೆ."

"ಎಲ್ಲಿ ಬಿಟ್ರೀ?"

"ಎಲ್ಲಂದ್ರ? ಕಾಲುವ್ಯಾಗ. ಪೂಜಿ ಆದದ್ದನ್ನ ಮನ್ಯಾಗ ಇಟ್ಕೊಂತಾರೇನು?"

ನಾನು ಹಿತ್ತಿಲ ಕಲ್ಲಿನ ಮೇಲೆ ಕುಳಿತೆ. ನಮ್ಮ ಮನೆಯ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ಪೂಜೆಗೊಂಡ ಮಣ್ಣೆತ್ತು ಮರುದಿನ ನೀರಿಗೆ ಹೋಗಬೇಕು. ಅದರ ಜೊತೆ ಹಳೆಯ ಕ್ಯಾಲೆಂಡರಿನ ದೇವರು, ಹರಿದ ಫೋಟೊ, ಒಣಗಿದ ಹೂ, ಹೀಗೆ ಕಸಕ್ಕೆ ಹಾಕಬಾರದ್ದೆಲ್ಲ ಹೋಗಬೇಕು. ಜಗಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡ ಬಸವಣ್ಣ ಕಾಗದದವನಾದರೇನು, ಮಣ್ಣಿನವನಾದರೇನು? ನೋಯುವ ಮೊಣಕಾಲಿನಲ್ಲಿ, ಭಾರದ ಆ ಕಟ್ಟನ್ನು ತಲೆಯ ಮೇಲೆ ಹೊತ್ತು, ಕಾಲಲ್ಲಿ ಚಪ್ಪಲಿಯಿಲ್ಲದೆ ಅತ್ತೆ ನಮ್ಮೂರಿನ, ಬಸವಣ್ಣ ಎಂದೇ ಹೆಸರಿರುವ ಕಾಲುವೆಯವರೆಗೆ ನಡೆದು ಹೋಗಿದ್ದರು. ನಾನು ಅಳುತ್ತ ಅಳುತ್ತ ಅದು ಏನಾಗಿತ್ತೆಂದು ವಿವರಿಸಿದಾಗ ಅವರ ಮುಖ ಬಿಳುಚಿತು. ಆಮೇಲೆ ನನ್ನ ಪಕ್ಕದಲ್ಲಿ ಕಷ್ಟಪಟ್ಟು ಕುಳಿತು ಹೇಳಿದರು:

"ನೀರು ಕುಡ್ಯಾಕ ಹೊಂಟಾನ ಅಂತ ಈಗ ನೀನ ಅಂದೆಲ್ಲವ್ವಾ. ನಾನು ನೀರಿನತನಕ ಮುಟ್ಟಿಸಿ ಬಂದೆ. ತಪ್ಪಾತೇನು?"

ನನ್ನ ಹಾಳೆಗಳಲ್ಲಿ ಬಸವಣ್ಣ ತಿರುಗಿ ಬಂದು ಕೂರುತ್ತಿದ್ದ. ಅತ್ತೆ ಕಳಿಸಿದ ಬಸವಣ್ಣ ತಿರುಗಿ ಬರಲಿಲ್ಲ. ನಮ್ಮವರು ಅಂಗಡಿಯಿಂದ ಕಾಲುವೆಯ ದಡಕ್ಕೆ ಹೋಗಿ ಅರ್ಧ ಮೈಲಿ ನೋಡಿ ಬಂದು, "ಕೆಂಪು ವಸ್ತ್ರ ಒಂದು ಬೇರಿಗೆ ಸಿಕ್ಕೊಂಡೈತಿ, ಹಾಳಿ ಒಂದೂ ಇಲ್ಲ" ಎಂದರು. ಪಂಚರ್ ಆದ ಟ್ಯೂಬಿನ ವಿಷಯ ಹೇಳುವ ದನಿಯಲ್ಲೇ, "ಇನ್ನೊಮ್ಮಿ ತೆಗಿ, ಅದ್ಕೇನು" ಎಂದೂ ಸೇರಿಸಿದರು. ಅವರ ಸಮಾಧಾನಗಳೆಲ್ಲ ಆ ಅಳತೆಯವೇ. ಆದರೂ ಅಂಗಡಿಗೆ ಗಿರಾಕಿ ಬಂದು ನಿಂತಿದ್ದಾಗ ಕಾಲುವೆಗೆ ಹೋಗಿದ್ದರಲ್ಲ, ಅದನ್ನು ನಾನು ಲೆಕ್ಕಕ್ಕೆ ಹಿಡಿದಿದ್ದೇನೆ.

ನವೀನ ಸರ್ ಸುದ್ದಿ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸ್ಕ್ಯಾನ್ ಮಾಡಿಸಿದ್ರೇನ್ರಿ?" ಎಂದರು. ಪೂಜೆ ಮಾಡಿಸಿ ಆಮೇಲೆ ಸ್ಕ್ಯಾನ್ ಮಾಡಿಸೋಣ ಅಂತಿದ್ದೆ ಎಂದೆ. ಅವರಿಗೆ ಸಿಟ್ಟು ಬರುವಂತಿತ್ತು, ನಗು ಬಂತು. "ಮನ್ಯಾಗ ಬ್ಯಾರೆ ಏನೈತಿ, ಅದನ್ನ ತೊಗೊಂಡು ಬರ್ರಿ" ಎಂದರು.

ಬೇರೆ ಏನಿತ್ತು? ಅಭ್ಯಾಸಕ್ಕೆಂದು ಬರೆದು ಬದಿಗಿಟ್ಟ ಚಿಲ್ಲರೆ ಚಿತ್ರಗಳು. ಬಚ್ಚಲಲ್ಲಿ ಮೈಯ ಕೆಂಪು ತೊಳೆದುಕೊಳ್ಳುವ ನಮ್ಮವರು, ತಂತಿಯ ಮೇಲೆ ಒಣಗುವ ಸಮವಸ್ತ್ರ, ಗಾದಿಗನೂರಿನ ಹತ್ತಿರ ಸಾಲುಗಟ್ಟಿ ನಿಂತ ಲಾರಿಗಳ ಕೆಳಗೆ ನಿದ್ದೆ ಹೋದ ಕ್ಲೀನರು. ಒಡೆದ ಹಿಡಿಕೆಯ ಕಪ್ಪುಗಳು. ಇವನ್ನೆಲ್ಲ ಹರಡಿಕೊಂಡು ಕುಳಿತಿದ್ದಾಗ ಅತ್ತೆ ಬಂದು ಬಾಗಿಲಲ್ಲಿ ನಿಂತರು. ಮೈಮೇಲೆ ಹಬ್ಬಕ್ಕೆ ಉಡುವ ಇಳಕಲ್ ಸೀರೆ.

"ನನ್ನ ಚಿತ್ರ ತೆಗಿ" ಎಂದರು. "ನನ್ನಿಂದ ಹೋದದ್ದಕ್ಕ ನಾನ ಕುಂದರ್ತೀನಿ."

"ಏನು ಮಾಡೋವಾಗ ತೆಗೀಲ್ರೀ?"

"ರೊಟ್ಟಿ ಬಡೀತೀನಿ. ಮತ್ತೇನು ಬರ್ತೈತಿ ನನಗ?"

ಹಲಗೆಯ ಮುಂದೆ ಕುಳಿತು, ಹಿಟ್ಟಿನ ಉಂಡೆಯ ಮೇಲೆ ಅಂಗೈ ಇಟ್ಟು, ಫೋಟೊಕ್ಕೆ ಕುಳಿತವರ ಹಾಗೆ ಉಸಿರು ಬಿಗಿಹಿಡಿದರು.

"ಅತ್ತಿ, ಕೈ ಆಡಿಸ್ರೀ."

"ಆಡಿಸಿದ್ರ ನೀ ಹೆಂಗ ತೆಗೀತಿ?"

"ನೀವು ದಿನಾ ಬಡ್ದಂಗ ಬಡೀರಿ, ನಾ ನೋಡ್ತೀನಿ."

"ಹಂಚು ಕಾದೈತಿ, ಜಲ್ದಿ ನೋಡು."

ಇಷ್ಟು ವರ್ಷ ಆ ಒಲೆಯ ಮುಂದೆ ಅವರ ಜೊತೆಗೇ ಕುಳಿತವಳು ನಾನು, ಆದರೆ ನೋಡಿರಲಿಲ್ಲ. ಅಂದು ನೋಡಿದೆ. ಅಂಗೈ ಏಳುತ್ತದೆ, ಬೀಳುತ್ತದೆ, ಬೀಳುವಾಗ ರೊಟ್ಟಿ ತಾನೇ ತಾನಾಗಿ ತುಸು ತಿರುಗುತ್ತದೆ, ಬಳೆ ಮುಂಗೈಗೆ ಜಾರಿ ಮತ್ತೆ ಹಿಂದಕ್ಕೆ ಹೋಗುತ್ತದೆ. ಒಂದು ಸುತ್ತು ಮುಗಿದಾಗೊಮ್ಮೆ ಅತ್ತೆ ತಲೆ ಎತ್ತಿ ಬೀದಿಯ ಬಾಗಿಲ ಕಡೆ ನೋಡುತ್ತಾರೆ. ಮತ್ತೆ ಬಡಿಯುತ್ತಾರೆ, ಮತ್ತೆ ನೋಡುತ್ತಾರೆ. ಅದು ಕಂಪನಿ ಬಸ್ಸು ಬರುವ ಹೊತ್ತು. ಗಣಿಗೆ ಹೋದ ಕಿರಿಯ ಮಗ ಬಂದರೆ ಆ ಬಸ್ಸಿನಲ್ಲೇ ಬರಬೇಕು. ಬರುವುದು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ. ತಾವು ನೋಡುತ್ತಿದ್ದೇನೆಂಬುದು ಅವರಿಗೇ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಕಂಡದ್ದನ್ನು ಬರೆದೆ.

ಬಸವಣ್ಣನಿಗೆ ಒಂದು ಬೇಸಗೆ ಹಿಡಿದಿತ್ತು. ಇದು ವಾರದೊಳಗೆ ಆಯಿತು. ಅಂದವಾಗಿರಲಿಲ್ಲ. ಬೆರಳುಗಳು ದಪ್ಪವಾಗಿದ್ದವು, ಒಲೆ ಸೊಟ್ಟಗಾಗಿತ್ತು. ಆ ವಾರ ನಮ್ಮ ಮನೆಯಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ರೊಟ್ಟಿ ಆದವು. ಮಿಕ್ಕ ರೊಟ್ಟಿಯನ್ನು ಒಣಗಿಸಿ ಸೆಂಟರಿನ ಹುಡುಗರಿಗೆ ಕೊಟ್ಟೆ.

ಬಂದವರು ನಡುವಯಸ್ಸಿನವರು, ಮೃದು ಮಾತಿನವರು. ಒಬ್ಬೊಬ್ಬರ ಫೈಲೂ ನೋಡುತ್ತ ಬಂದರು. ಹುಡುಗರ ಫೈಲುಗಳಲ್ಲಿ ಹಾರುವ ವೀರರು, ಬೆಂಕಿಯುಗುಳುವ ಪ್ರಾಣಿಗಳು, ಹೊಳೆಯುವ ಕಾರುಗಳು. ನನ್ನದರಲ್ಲಿ ಬಚ್ಚಲು, ತಂತಿ, ಲಾರಿ. ಅವರು ಪುಟ ತಿರುವುತ್ತಿದ್ದ ವೇಗ ನೋಡಿದಾಗ ನನಗೆ ಕೆಲಸ ಹೋಯಿತು ಎನ್ನಿಸಿತು; ಮನಸ್ಸಿನಲ್ಲೇ ಗಾಜನ್ನು ಶೋಕೇಸಿಗೆ ಮರಳಿ ಹಾಕಿಯೂ ಆಯಿತು. ಕೊನೆಯಲ್ಲಿದ್ದ ರೊಟ್ಟಿಯ ಕಟ್ಟನ್ನು ತಿರುವಿದರು. ನಿಲ್ಲಿಸಿದರು. ಇನ್ನೊಮ್ಮೆ ತಿರುವಿದರು.

"ಈಕಿ ಯಾರ ದಾರಿ ನೋಡಾಕ್ಹತ್ಯಾಳ?" ಎಂದು ಕೇಳಿದರು.

"ಸಣ್ಣ ಮಗಂದ್ರೀ. ಯಶವಂತನಗರದಾಗ ಇರ್ತಾನ."

"ಬಂದ್ನೇನು?"

"ಇನ್ನಾ ಇಲ್ರೀ."

ಅವರು ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ಚಾಚಿದರು. ಬರೆಯುವ ಕೈ ಇನ್ನೂ ಪಳಗಬೇಕು ಎಂದರು. ಮುಖ್ಯ ಚಿತ್ರಗಳನ್ನು ಕೊಡಲಾಗುವುದಿಲ್ಲ, ನಡುವಿನವು ಮಾಡುತ್ತೀರಾ ಎಂದರು. ನಡುವಿನವು ಎಂದರೆ ಏನೆಂದು ನಿಮಗೆ ಹೇಳಬೇಕು. ಒಂದು ಚಲನೆಯ ಮೊದಲಿನ ನಿಲುವನ್ನೂ ಕೊನೆಯ ನಿಲುವನ್ನೂ ಪಳಗಿದವರು ಬರೆಯುತ್ತಾರೆ. ಇದರಿಂದ ಅದಕ್ಕೆ ಹೋಗುವ ದಾರಿಯ ಚಿತ್ರಗಳನ್ನೆಲ್ಲ ಹೊಸಬರು ತುಂಬುತ್ತಾರೆ. ಮನೆಗೆ ಕಳಿಸುತ್ತೇವೆ, ಬರೆದು ಕಳಿಸಿ ಎಂದರು. ನಾನು ಆಗಲಿರೀ ಎಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಹಂಪಿಯ ದಿಕ್ಕಿಗೆ ಕೈಮುಗಿದೆ. ಬೇಡಿದ್ದನ್ನೇ ಅವನು ಕೊಟ್ಟ, ಆದರೆ ತನ್ನ ದಾರಿಯಲ್ಲಿ ಕೊಟ್ಟ. ಇದರ ಬಗ್ಗೆ ವಾದ ಮಾಡುವಷ್ಟು ತಿಳಿವಳಿಕೆ ನನಗಿಲ್ಲ.

ಮತ್ತೆ ಬಸವಣ್ಣನನ್ನು ಬರೆಯಿರಿ ಎಂದು ನವೀನ ಸರ್ ಆಗಾಗ ಹೇಳುತ್ತಾರೆ. ಬರೆಯಬಹುದು. ಆದರೆ ಈಗ ನನಗೆ ಫೈಲಿನ ಬಗ್ಗೆ ಬೇರೆಯೇ ಒಂದು ಅಭಿಪ್ರಾಯವಿದೆ. ನಾವು ಆರಿಸಿ ಆರಿಸಿ ಗಾಜಿನ ಹಿಂದೆ ಇಡುವುದು ನಾವು ಹೇಗೆ ಕಾಣಬೇಕೆಂದುಕೊಂಡಿದ್ದೇವೋ ಅದನ್ನು. ನಮ್ಮ ಗುರುತು ಸಿಗುವುದು ನಾವು ಬದಿಗೆ ಸರಿಸಿದ ಕಪ್ಪಿನಲ್ಲಿ. ಅದನ್ನು ಹೊರಗೆ ತೆಗೆಸಲು ಒಮ್ಮೊಮ್ಮೆ ಅತ್ತೆಯಂಥವರೊಬ್ಬರು ಬೆಳಿಗ್ಗೆ ಎದ್ದು ಜಗಲಿ ಖಾಲಿ ಮಾಡಬೇಕಾಗುತ್ತದೆ.

ನನ್ನ ಮೊದಲ ಕೆಲಸ ಒಂದು ಕಪ್ಪೆ. ಮಕ್ಕಳ ಹಾಡಿನ ನಡುವೆ ಬಂಡೆಯಿಂದ ಕೆರೆಗೆ ಹಾರುತ್ತದೆ. ಬಂಡೆಯ ಮೇಲೆ ಕುಳಿತದ್ದು ಬೇರೆಯವರದು, ನೀರಿಗೆ ಬಿದ್ದದ್ದು ಬೇರೆಯವರದು, ನಡುವಿನ ಗಾಳಿಯಲ್ಲಿರುವುದಷ್ಟು ನನ್ನದು. ಮಳೆಗಾಲ ಕಳೆದ ಮೇಲೆ ಸಿ.ಡಿ. ಅಂಚೆಯಲ್ಲಿ ಬಂತು. ಅಂದು ಭಾನುವಾರ, ಕರೆಂಟಿತ್ತು, ಮಂಜುನಾಥನೂ ಮನೆಗೆ ಬಂದಿದ್ದ. ಇಷ್ಟು ಒಟ್ಟಿಗೆ ಕೂಡಿಬರುವುದು ಸಣ್ಣ ಮಾತಲ್ಲ. ಎಲ್ಲರೂ ಟಿ.ವಿ.ಯ ಮುಂದೆ ಕುಳಿತೆವು. ಹಾಡು ಬಂತು, ಕಪ್ಪೆ ಬಂತು, ಹೋಯಿತು.

"ಇಷ್ಟೇನಾ ವೈನಿ?" ಎಂದ ಮಂಜುನಾಥ. "ನಮ್ಮ ಲಾರಿ ತೂಕಕ್ಕ ಹತ್ತಿ ಇಳೀಬೇಕಂದ್ರೂ ಇದಕ್ಕಿಂತ ಟೈಮ್ ಹಿಡೀತೈತಿ."

"ನೀ ಸುಮ್ನ ಕುಂದ್ರಲೇ, ನೀನ ಬಿಟ್ಟು ಹೋದ ಕುರ್ಚಿ ಅದು" ಎಂದರು ಅತ್ತೆ. ನನ್ನ ಕಡೆ ತಿರುಗಿ, "ನಿಂದು ಯಾವುದವ್ವಾ ಇದ್ರಾಗ?" ಎಂದರು.

"ಅದು ಕುಂತದ್ದಕ್ಕೂ ನೀರಿಗೆ ಬಿದ್ದದ್ದಕ್ಕೂ ನಡುವ ಇರೋದ್ರೀ."

"ನಾ ನೋಡ್ಲೇ ಇಲ್ಲ. ಇನ್ನೊಮ್ಮಿ ಹಚ್ಚು."

ಹಚ್ಚಿದೆ. ಕನ್ನಡಕ ಹಾಕಿಕೊಂಡು ನೋಡಿದರು. ಮತ್ತೊಮ್ಮೆ ಹಚ್ಚಿಸಿದರು. ಟಿ.ವಿ.ಯ ಹತ್ತಿರಕ್ಕೆ ಸರಿದು, ಕಣ್ಣು ಮಿಟುಕಿಸದೆ, ಮಗನ ಮಂಡಿಯ ಮೇಲೆ ಕೈಯೂರಿ ಕುಳಿತು ನೋಡಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಹೇಳಿದರು:

"ಕಣ್ಣಿಗೆ ಕಾಣವಲ್ದವ್ವಾ. ಆದ್ರ ಕಪ್ಪಿ ಹಾರೇತಲ್ಲ."